ಲಾರ್ಕ್‌ಸ್ಪರ್: ಚೆನ್ನೈಯ ಮನೆತೋಟದಲ್ಲಿ ಕೃಷಿ ಮತ್ತು ಆರೈಕೆ

ಲಾರ್ಕ್‌ಸ್ಪರ್ ರನನ್‌ಕ್ಯುಲೇಸೀ ಕುಟುಂಬಕ್ಕೆ ಸೇರಿದ, ತಂಪು ಹವೆಯಲ್ಲಿ ಬೆಳೆಯುವ ಏಕವಾರ್ಷಿಕ ಹೂಗಿಡ. ಇದರ ಸಸ್ಯಶಾಸ್ತ್ರೀಯ ಹೆಸರು ಕಾನ್ಸಾಲಿಡ ಅಜಾಸಿಸ್. ನೆಟ್ಟಗೆ ನಿಂತ ದಂಟಿನ ಸುತ್ತ ನೀಲಿ, ನೇರಳೆ, ಗುಲಾಬಿ ಅಥವಾ ಬಿಳಿ ಹೂಗಳು ಕೆಳಗಿನಿಂದ ಮೇಲಕ್ಕೆ ಸಾಲಾಗಿ ಅರಳುತ್ತವೆ. ಉತ್ತರ ಭಾರತದ ಬಯಲಿನಲ್ಲಿ ಇದು ಚಳಿಗಾಲದ ಮಾಮೂಲಿ ಹೂಗಿಡ. ಊಟಿ, ಕೊಡೈಕಾನಲ್‌ಗಳಂಥ ಗಿರಿಧಾಮಗಳಲ್ಲಿ ಬೇಸಗೆಯಲ್ಲೂ ಬೆಳೆಯುತ್ತದೆ. ಚೆನ್ನೈಯಂಥ ಕರಾವಳಿ ನಗರದಲ್ಲಿ ಇದನ್ನು ಬೆಳೆಸುವುದು ಕಷ್ಟವೆಂಬ ಮಾತಿದೆ. ಕಷ್ಟವಿರುವುದು ನಿಜ. ಆದರೆ ಅದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ, ಅಂದರೆ ಬಿಸಿಲು, ಸರಿಯಾದ ಕಾರಣವಲ್ಲ. ಈ ಗಿಡದ ಭವಿಷ್ಯ ತೀರ್ಮಾನವಾಗುವುದು ಬೀಜದ ಹಂತದಲ್ಲಿ ಮತ್ತು ರಾತ್ರಿಯ ಉಷ್ಣತೆಯಲ್ಲಿ. ಆದ್ದರಿಂದ ಗೊಬ್ಬರ, ನೆರಳು, ನೀರುಗಳಿಗಿಂತ ಬಿತ್ತುವ ದಿನ ಮತ್ತು ಬೀಜವನ್ನು ತಂಪುಗೊಳಿಸುವ ಕ್ರಮ ಇಲ್ಲಿ ಹೆಚ್ಚು ಮುಖ್ಯ.

ಹೆಸರು ಮತ್ತು ವರ್ಗೀಕರಣ

ಲಿನೇಯಸ್ 1753ರಲ್ಲಿ ಈ ಸಸ್ಯವನ್ನು ಡೆಲ್ಫಿನಿಯಂ ಅಜಾಸಿಸ್ ಎಂದು ಹೆಸರಿಸಿದ. 1821ರಲ್ಲಿ ಎಸ್. ಎಫ್. ಗ್ರೇ ಏಕವಾರ್ಷಿಕ ಬಗೆಗಳನ್ನು ಕಾನ್ಸಾಲಿಡ ಎಂಬ ಬೇರೆ ಕುಲಕ್ಕೆ ಸೇರಿಸಿದ. ಡೆಲ್ಫಿನಿಯಂ ಹೂವಿನಲ್ಲಿ ಬಿಡಿಬಿಡಿಯಾದ ನಾಲ್ಕು ದಳಗಳೂ ಸಾಮಾನ್ಯವಾಗಿ ಮೂರು ಕಾರ್ಪೆಲ್‌ಗಳೂ (ಕಾಯಾಗಿ ಬೆಳೆಯುವ ಭಾಗಗಳು) ಇರುತ್ತವೆ. ಕಾನ್ಸಾಲಿಡದಲ್ಲಿ ದಳಗಳು ಕೂಡಿಕೊಂಡು ಒಂದೇ ಆಗಿರುತ್ತವೆ, ಕಾರ್ಪೆಲ್ ಕೂಡ ಒಂದೇ. ಈಚಿನ ಡಿಎನ್‌ಎ ಅಧ್ಯಯನಗಳ ಪ್ರಕಾರ ಕಾನ್ಸಾಲಿಡ ಡೆಲ್ಫಿನಿಯಂನ ಒಳಗಿನದೇ ಒಂದು ಕವಲು. ಹೀಗಾಗಿ ಕೆಲವು ಸಸ್ಯಶಾಸ್ತ್ರಜ್ಞರು ಮತ್ತೆ ಹಳೆಯ ಹೆಸರನ್ನೇ ಬಳಸುತ್ತಾರೆ. ಈ ಲೇಖನದಲ್ಲಿ ಲಾರ್ಕ್‌ಸ್ಪರ್ ಎಂದರೆ ಏಕವಾರ್ಷಿಕ ಗಿಡ, ಡೆಲ್ಫಿನಿಯಂ ಎಂದರೆ ಡೆಲ್ಫಿನಿಯಂ ಇಲೇಟಮ್‌ನಿಂದ ಬಂದ ಬಹುವಾರ್ಷಿಕ ಮಿಶ್ರತಳಿಗಳು. ಬೀಜದ ಪೊಟ್ಟಣಗಳ ಮೇಲೆ ಇವೆರಡೂ ಒಂದರ ಹೆಸರಿನಲ್ಲಿ ಇನ್ನೊಂದು ಬರುವುದುಂಟು, ಆದ್ದರಿಂದ ಈ ವ್ಯತ್ಯಾಸ ಮನೆತೋಟಕ್ಕೂ ಬೇಕು. ಹೂ ಮುಗಿದ ಮೇಲೆ ಬುಡಕ್ಕೆ ಕತ್ತರಿಸಿ ಮರುಹೂವಿಗಾಗಿ ಕಾಯಬೇಕೆಂಬ ಸಲಹೆ ಡೆಲ್ಫಿನಿಯಂಗೆ ಸಲ್ಲುತ್ತದೆ. ಲಾರ್ಕ್‌ಸ್ಪರ್ ಗಿಡ ಕಾಯಿ ಕಟ್ಟಿದೊಡನೆ ಸಾಯುತ್ತದೆ, ಅದರ ಬುಡವನ್ನು ಉಳಿಸಿಕೊಂಡು ಪ್ರಯೋಜನವಿಲ್ಲ.

ಮೂಲ

ಲಾರ್ಕ್‌ಸ್ಪರ್ ಮೆಡಿಟರೇನಿಯನ್ ಸುತ್ತಲಿನ ದೇಶಗಳ ಹಾಗೂ ಪಶ್ಚಿಮ ಏಷ್ಯದ ಗಿಡ. ಅಲ್ಲಿ ಗೋಧಿ ಹೊಲಗಳ ಅಂಚಿನಲ್ಲಿ ಕಳೆಯಾಗಿಯೂ ಬೆಳೆಯುತ್ತದೆ. ಬೀಜ ಬೇಸಗೆಯಲ್ಲಿ ಉದುರಿ ಒಣ ಮಣ್ಣಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಶರತ್ಕಾಲದ ಮಳೆ ಬಂದು ನೆಲ ತಣ್ಣಗಾದ ಮೇಲೆ ಮೊಳೆಯುತ್ತದೆ. ಚಳಿಗಾಲವಿಡೀ ನೆಲಕ್ಕಂಟಿದ ಎಲೆಗುಚ್ಛವಾಗಿದ್ದು, ವಸಂತದಲ್ಲಿ ದಂಟೆತ್ತಿ ಹೂಬಿಟ್ಟು, ಬೇಸಗೆಯ ಹೊತ್ತಿಗೆ ಒಣಗುತ್ತದೆ. ಈ ಜೀವನಕ್ರಮವನ್ನು ಚೆನ್ನೈಯ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದರೆ ಕುತೂಹಲದ ಹೋಲಿಕೆ ಕಾಣುತ್ತದೆ. ಭಾರತದ ಬಹುಭಾಗದಲ್ಲಿ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಚೆನ್ನೈಗೆ ದೊಡ್ಡ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದಿಂದ. ಅಂದರೆ ವರ್ಷದ ತಂಪು ಅರ್ಧದಲ್ಲಿ ಹೆಚ್ಚು ಮಳೆ, ಬಿಸಿ ಅರ್ಧದಲ್ಲಿ ಕಡಿಮೆ ಮಳೆ. ಮಳೆಯ ಕ್ರಮ ಗಿಡದ ತವರಿಗೆ ಹತ್ತಿರವಾಗಿದೆ. ಹೊಂದದಿರುವುದು ತಂಪಿನ ಮಟ್ಟ ಮತ್ತು ಮಳೆಯ ರಭಸ. ಈ ಎರಡು ವ್ಯತ್ಯಾಸಗಳನ್ನು ಕೈಯಿಂದ ಎಷ್ಟು ಸರಿದೂಗಿಸಲಾದೀತು ಎಂಬುದೇ ಚೆನ್ನೈಯಲ್ಲಿ ಲಾರ್ಕ್‌ಸ್ಪರ್ ಕೃಷಿಯ ಪ್ರಶ್ನೆ.

ಭಾರತದಲ್ಲಿ ಇದರ ಕಾಡುಬಂಧುಗಳೂ ಇವೆ. ಹಿಮಾಲಯದ ಡೆಲ್ಫಿನಿಯಂ ಡೆನ್ಯುಡೇಟಮ್‌ನ ಬೇರು ಯುನಾನಿ ವೈದ್ಯದಲ್ಲಿ ಜದ್ವಾರ್ ಎಂದು ಬಳಕೆಯಲ್ಲಿದೆ. ಪಶ್ಚಿಮಘಟ್ಟದ ಉತ್ತರ ಭಾಗದಲ್ಲಿ, ಮುಖ್ಯವಾಗಿ ಮಹಾರಾಷ್ಟ್ರದ ಬೆಟ್ಟಗಳಲ್ಲಿ, ಡೆಲ್ಫಿನಿಯಂ ಮಲಬಾರಿಕಮ್ ಮಳೆಗಾಲದ ಕೊನೆಗೆ ನೀಲಿ ಹೂ ಬಿಡುತ್ತದೆ. ದಖ್ಖನಿನಲ್ಲೇ ಇಂಥದೊಂದು ಗಿಡ ಇರುವಾಗ ಚೆನ್ನೈಗೂ ಈ ಗುಂಪು ಹೊಂದಬೇಕಲ್ಲವೆ ಎಂದು ಕೇಳಬಹುದು. ಆದರೆ ಅದು ನೆಲದೊಳಗಿನ ಬೇರಿನಿಂದ ವರ್ಷವರ್ಷ ಚಿಗುರುವ, ಬೆಟ್ಟದ ಮಂಜು ಮತ್ತು ತಂಪಿಗೆ ಒಗ್ಗಿದ ಗಿಡ. ಅದರಿಂದ ಚೆನ್ನೈಗೆ ಒದಗುವ ಪಾಠ ಕಡಿಮೆ. ಸೀಮಿತ ನೆಲೆಯ ಆ ಗಿಡವನ್ನು ತೋಟಕ್ಕೆಂದು ಕಿತ್ತು ತರುವುದಂತೂ ಕೂಡದು.

ರಚನೆ

ಗಿಡ ಬಗೆಗನುಗುಣವಾಗಿ 30 ಸೆಂ.ಮೀ.ನಿಂದ 120 ಸೆಂ.ಮೀ. ಎತ್ತರ ಬೆಳೆಯುತ್ತದೆ. ಎಲೆಗಳು ದಾರದಷ್ಟು ಸಣ್ಣ ಸೀಳುಗಳಾಗಿ ಒಡೆದಿರುತ್ತವೆ, ದೂರದಿಂದ ಸಬ್ಬಸಿಗೆ ಸೊಪ್ಪಿನಂತೆ ಕಾಣುತ್ತವೆ. ತಾಯಿಬೇರು ನೇರವಾಗಿ ಆಳಕ್ಕಿಳಿಯುತ್ತದೆ. ಒಮ್ಮೆ ತುಂಡಾದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಹೂವಿನಲ್ಲಿ ಬಣ್ಣದ ದಳಗಳೆಂದು ತೋರುವ ಐದು ಭಾಗಗಳು ವಾಸ್ತವವಾಗಿ ಪುಷ್ಪಪತ್ರಗಳು. ಅವುಗಳಲ್ಲಿ ಮೇಲಿನದು ಹಿಂದಕ್ಕೆ ಚಾಚಿ ಟೊಳ್ಳಾದ ಕೊಂಬಾಗಿದೆ. ನಿಜವಾದ ದಳ ಹೂವಿನ ನಡುವೆ ಇದ್ದು, ಅದರ ಮಕರಂದದ ನಳಿಕೆ ಆ ಕೊಂಬಿನೊಳಗೆ ಸೇರಿಕೊಂಡಿರುತ್ತದೆ. ಒಂದು ಹೂವನ್ನು ಉದ್ದಕ್ಕೆ ಸೀಳಿ ನೋಡಿದರೆ ಕೊಂಬಿನೊಳಗೆ ಇನ್ನೊಂದು ಕೊಂಬು ಬರಿಗಣ್ಣಿಗೇ ಕಾಣುತ್ತದೆ. ಉದ್ದ ನಾಲಗೆಯ ಜೇನುನೊಣಗಳಿಗೆ ಮಾತ್ರ ಮಕರಂದ ಎಟುಕುವ ಏರ್ಪಾಡು ಇದು. ಆದರೂ ಸ್ವಕೀಯ ಪರಾಗಸ್ಪರ್ಶದಿಂದಲೂ ಕಾಯಿ ಕಟ್ಟುವುದರಿಂದ, ಜೇನು ವಿರಳವಾದ ಮಹಡಿಯ ಮೇಲೂ ಬೀಜ ದೊರೆಯುತ್ತದೆ. ಕಾಯಿ ಒಂದೇ ಬದಿಯಲ್ಲಿ ಬಿರಿಯುವ ಒಣ ಸಿಪ್ಪೆಯ ಬಗೆಯದು, ಬೀಜ ಕಪ್ಪು, ಒರಟು. ನೀಲಿ ಬಣ್ಣಕ್ಕೆ ಕಾರಣವಾದ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯಕ್ಕೆ ಹೆಸರು ಬಂದದ್ದು ಈ ಗುಂಪಿನಿಂದಲೇ. ಶಂಖಪುಷ್ಪದ ನೀಲಿಗೂ ಬದನೆಕಾಯಿ ಸಿಪ್ಪೆಯ ನೇರಳೆಗೂ ಮೂಲ ಅದೇ ದ್ರವ್ಯ.

ಬಗೆಗಳು

ತೋಟಗಾರಿಕೆಯಲ್ಲಿ ಎರಡು ಗುಂಪುಗಳಿವೆ. ಬುಡದಿಂದ ಕವಲೊಡೆದು ಎತ್ತರ ಬೆಳೆಯುವ ಜಯಂಟ್ ಇಂಪೀರಿಯಲ್ ಗುಂಪು ಕತ್ತರಿಸಿದ ಹೂವಿಗೆ ಪ್ರಸಿದ್ಧ. ಒಂದೇ ದಂಟಿನ ಸುತ್ತ ಒತ್ತಾಗಿ ಹೂಬಿಡುವ ಹಯಸಿಂತ್ ಗುಂಪಿನಲ್ಲಿ ಗಿಡ್ಡ ತಳಿಗಳಿವೆ. ಚೆನ್ನೈಗೆ ಗಿಡ್ಡ ತಳಿಗಳೇ ಮೇಲು: ಅವು ಗಾಳಿಗೆ ಮುರಿಯುವುದು ಕಡಿಮೆ, ಬೆಚ್ಚಗಿನ ರಾತ್ರಿಗಳಿಂದ ದಂಟು ಮೊಟಕಾದರೂ ರೂಪ ಕೆಡುವುದಿಲ್ಲ. ಕಾನ್ಸಾಲಿಡ ರೀಗಾಲಿಸ್ ಎಂಬ ಇನ್ನೊಂದು ಪ್ರಭೇದ ಸಡಿಲವಾಗಿ ಕವಲೊಡೆಯುತ್ತದೆ, ಒಣಹೂವಿಗಾಗಿ ಬೆಳೆಯುತ್ತಾರೆ.

ಚೆನ್ನೈಯ ಹವೆ

ಬಿಸಿಲೇ ಅಡ್ಡಿ ಎಂಬ ವಾದವನ್ನು ಪರೀಕ್ಷಿಸಲು ಬೆಂಗಳೂರು ಒಳ್ಳೆಯ ಅಳತೆಗೋಲು. ಎರಡು ನಗರಗಳೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ; ಹಗಲಿನ ಉದ್ದ ಎರಡರಲ್ಲೂ ಒಂದೇ, ಡಿಸೆಂಬರ್‌ನಲ್ಲಿ ಸುಮಾರು ಹನ್ನೊಂದೂವರೆ ಗಂಟೆ. ಜನವರಿಯಲ್ಲಿ ಬೆಂಗಳೂರಿನ ಹಗಲಿನ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಸಿಯಸ್, ಚೆನ್ನೈಯದು 29ರ ಆಸುಪಾಸು. ವ್ಯತ್ಯಾಸ ಅತ್ಯಲ್ಪ. ಆದರೆ ರಾತ್ರಿಯ ಕನಿಷ್ಠ ಉಷ್ಣತೆ ಬೆಂಗಳೂರಿನಲ್ಲಿ ಸುಮಾರು 16 ಡಿಗ್ರಿಗೆ ಇಳಿದರೆ ಚೆನ್ನೈಯಲ್ಲಿ 21ಕ್ಕೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಸಲೀಸಾಗಿ ಬರುವ ಲಾರ್ಕ್‌ಸ್ಪರ್ ಚೆನ್ನೈಯಲ್ಲಿ ಸೊರಗುವುದಕ್ಕೆ ಹಗಲಿನ ಬಿಸಿಲು ಕಾರಣವಾಗಿದ್ದರೆ ಎರಡು ಊರುಗಳಲ್ಲೂ ಒಂದೇ ಫಲ ಕಾಣಬೇಕಿತ್ತು. ಸಮುದ್ರದ ಮಗ್ಗುಲಲ್ಲಿರುವ ಊರಿನಲ್ಲಿ ತೇವ ತುಂಬಿದ ಗಾಳಿ ಹಗಲಿನ ಶಾಖವನ್ನು ರಾತ್ರಿಗೂ ಉಳಿಸಿಕೊಳ್ಳುತ್ತದೆ. ಕಾಂಕ್ರೀಟ್ ತಾರಸಿ ಅದಕ್ಕೆ ತನ್ನ ಪಾಲನ್ನೂ ಸೇರಿಸುತ್ತದೆ. ಬೆಚ್ಚಗಿನ ರಾತ್ರಿಯಲ್ಲಿ ಗಿಡ ಹಗಲು ಕೂಡಿಟ್ಟ ಸಕ್ಕರೆಯನ್ನು ಉಸಿರಾಟಕ್ಕೇ ಹೆಚ್ಚಾಗಿ ಖರ್ಚುಮಾಡುತ್ತದೆ. ಎಲೆಗುಚ್ಛ ಪೂರ್ತಿ ಬಲಿಯುವ ಮೊದಲೇ ದಂಟೇಳುತ್ತದೆ, ಹೂಗಳ ಸಂಖ್ಯೆ ಕುಗ್ಗುತ್ತದೆ.

ಇದರಿಂದ ಒಂದು ಪ್ರಾಯೋಗಿಕ ತೀರ್ಮಾನ ಹೊರಡುತ್ತದೆ. ಡಿಸೆಂಬರ್–ಜನವರಿಯಲ್ಲಿ ಹಸಿರು ನೆರಳುಬಲೆ ಕಟ್ಟುವುದು ತಪ್ಪು ಮದ್ದು: ಬಲೆ ಬೆಳಕನ್ನು ಕಡಿಮೆ ಮಾಡುತ್ತದೆ, ರಾತ್ರಿಯನ್ನು ತಂಪು ಮಾಡುವುದಿಲ್ಲ. ರಾತ್ರಿ ಕುಂಡವನ್ನು ಎಸಿ ಕೋಣೆಗೆ ಒಯ್ಯುವವರಿದ್ದಾರೆ. ತರ್ಕದ ದೃಷ್ಟಿಯಿಂದ ಅದು ನೆರಳುಬಲೆಗಿಂತ ಸರಿಯಾದ ದಾರಿ, ಆದರೆ ಒಂದೆರಡು ಕುಂಡಗಳಿಗೆ ಮಾತ್ರ ಸಾಧ್ಯ. ಹೆಚ್ಚು ಸುಲಭವಾದ ದಾರಿ ಗಿಡದ ಬೆಳವಣಿಗೆಯ ಅತಿ ಮುಖ್ಯ ಹಂತವನ್ನು ವರ್ಷದ ಅತಿ ತಂಪಾದ ವಾರಗಳ ಮೇಲೆ, ಅಂದರೆ ಡಿಸೆಂಬರ್ ನಡುವಿನಿಂದ ಫೆಬ್ರವರಿ ಆರಂಭದವರೆಗಿನ ಅವಧಿಯ ಮೇಲೆ, ಕೂರಿಸುವುದು.

ಬೀಜ ಮತ್ತು ಬಿತ್ತನೆ

ಲಾರ್ಕ್‌ಸ್ಪರ್ ಬೀಜ ಚೆನ್ನಾಗಿ ಮೊಳೆಯುವುದು 10ರಿಂದ 15 ಡಿಗ್ರಿ ಉಷ್ಣತೆಯಲ್ಲಿ, ಕತ್ತಲಲ್ಲಿ. 20 ಡಿಗ್ರಿ ದಾಟಿದರೆ ಮೊಳಕೆ ತೀವ್ರವಾಗಿ ಕುಗ್ಗುತ್ತದೆ. ನವೆಂಬರ್‌ನಲ್ಲೂ ಚೆನ್ನೈಯ ಮಣ್ಣು ಇದಕ್ಕಿಂತ ಬೆಚ್ಚಗಿರುತ್ತದೆ. ಹಾಗಾಗಿ ಬೀಜವನ್ನು ನೇರವಾಗಿ ಮಣ್ಣಿಗೆ ಹಾಕಿದವರಿಗೆ ಏನೂ ಮೊಳೆಯದೆ, ಬೀಜ ಹಳತೆಂದೋ ನಕಲಿಯೆಂದೋ ಅನಿಸುತ್ತದೆ. ಅನೇಕ ಬಾರಿ ಬೀಜ ಸರಿಯೇ ಇರುತ್ತದೆ, ತಣ್ಣನೆಯ ಸೂಚನೆ ಸಿಗದೆ ಕಾಯುತ್ತಿರುತ್ತದೆ. ಇದಕ್ಕೆ ಪರಿಹಾರ ಅಡುಗೆಮನೆಯ ಫ್ರಿಜ್. ಅಕ್ಟೋಬರ್ ನಡುವಿನಲ್ಲಿ ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಹಿಂಡಿದ ಒದ್ದೆ ಬಟ್ಟೆ ಅಥವಾ ಟಿಶ್ಯೂ ಕಾಗದದಲ್ಲಿ ತೆಳುವಾಗಿ ಹರಡಿ ಮಡಿಸಿ, ಜಿಪ್ ಕವರಿನಲ್ಲಿಟ್ಟು ತರಕಾರಿ ಡಬ್ಬಿಯ ಬಳಿ ಇಡಬೇಕು. ಫ್ರೀಜರ್ ಬೇಡ. ಬಟ್ಟೆ ಒದ್ದೆಯಿರಬೇಕು, ನೀರು ತೊಟ್ಟಿಕ್ಕಬಾರದು. ವಾರಕ್ಕೊಮ್ಮೆ ಬಿಚ್ಚಿ ಗಾಳಿ ಕೊಟ್ಟು, ಬೂಷ್ಟು ಬಂದ ಬೀಜಗಳನ್ನು ತೆಗೆದುಹಾಕಬೇಕು. ಎರಡು ಮೂರು ವಾರಗಳಲ್ಲಿ ಕಪ್ಪು ಸಿಪ್ಪೆ ಬಿರಿದು ಬಿಳಿ ಬೇರಿನ ತುದಿ ಇಣುಕುತ್ತದೆ. ಆ ತುದಿ ಅರ್ಧ ಸೆಂ.ಮೀ. ದಾಟುವ ಮೊದಲೇ, ಚಿಮುಟದಲ್ಲಿ ಸಿಪ್ಪೆಯನ್ನು ಹಿಡಿದು, ಬೇರು ಕೆಳಮುಖವಾಗುವಂತೆ, ಅರ್ಧ ಸೆಂ.ಮೀ. ಆಳದಲ್ಲಿ ನೆಡಬೇಕು. ಬೇರನ್ನು ಮುಟ್ಟಬಾರದು.

ಹೀಗೆ ಮೊಳಕೆಯೊಡೆಸಿ ನೆಡುವ ಕ್ರಮಕ್ಕೆ ಒಂದು ಆಕ್ಷೇಪವಿದೆ: ಫ್ರಿಜ್‌ನಲ್ಲಿ ಬೀಜಕ್ಕೆ ಚಳಿ ಕೊಟ್ಟರೆ ಗಿಡಕ್ಕೆ ಚಳಿಗಾಲ ಕೊಟ್ಟಂತಾಯಿತೆ? ಇಲ್ಲ. ಬೀಜದ ತಂಪು ಮೊಳಕೆಯ ಸಮಸ್ಯೆಯನ್ನು ಬಿಡಿಸುತ್ತದೆ, ಮುಂದಿನ ಬೆಚ್ಚಗಿನ ರಾತ್ರಿಗಳನ್ನು ಅಳಿಸುವುದಿಲ್ಲ. ಇಷ್ಟನ್ನು ಒಪ್ಪಿಕೊಂಡೇ ಈ ಕ್ರಮವನ್ನು ಸೂಚಿಸಬೇಕು. ಚೆನ್ನೈಯಲ್ಲಿ ದೊರೆಯುವುದು ಪೊಟ್ಟಣದ ಮೇಲಿನ ಚಿತ್ರದ ಮೀಟರೆತ್ತರದ ಹೂದಂಟಲ್ಲ, ಅದಕ್ಕಿಂತ ಬಹಳ ಗಿಡ್ಡವಾದ, ವಿರಳ ಹೂವಿನ ದಂಟು. ಅದೂ ಸಾಧ್ಯವಾಗುವುದು ಬಿತ್ತನೆ ನವೆಂಬರ್ ಮೊದಲ ಪಕ್ಷದೊಳಗೆ ಆದರೆ.

ಈ ತಾರೀಕಿನ ಬಗ್ಗೆಯೂ ವಾದವಿದೆ. ನವೆಂಬರ್ ಚೆನ್ನೈಯಲ್ಲಿ ಅತಿ ಹೆಚ್ಚು ಮಳೆಯ ತಿಂಗಳು. ವರ್ಷದ ಸುಮಾರು 140 ಸೆಂ.ಮೀ. ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈಶಾನ್ಯ ಮಾರುತದ ಮೂರು ತಿಂಗಳಲ್ಲೇ ಸುರಿಯುತ್ತದೆ. ಮಳೆ ಮುಗಿದ ಮೇಲೆ, ಡಿಸೆಂಬರ್ ಕೊನೆಗೆ ಬಿತ್ತುವುದು ಕ್ಷೇಮವಲ್ಲವೆ? ಸಸಿಗೆ ಕ್ಷೇಮ, ಹೂವಿಗೆ ಅಲ್ಲ. ಮೊಳೆತ ಗಿಡ ಹೂಬಿಡಲು ಸುಮಾರು ಮೂರು ತಿಂಗಳು ಬೇಕು. ಡಿಸೆಂಬರ್ ಕೊನೆಗೆ ನೆಟ್ಟರೆ ಮೊಗ್ಗು ಬರುವುದು ಮಾರ್ಚ್ ಕೊನೆಗೆ. ಆಗ ಹಗಲು 33 ಡಿಗ್ರಿ ಮೀರಿರುತ್ತದೆ, ಮೊಗ್ಗು ಕಂದಿ ಉದುರುತ್ತದೆ. ಮಳೆಯಿಂದ ಸಸಿಯನ್ನು ಕಾಪಾಡಲು ಸಜ್ಜಾ ಸಾಕು. ಮಾರ್ಚಿನ ಬಿಸಿಯಿಂದ ಮೊಗ್ಗನ್ನು ಕಾಪಾಡಲು ಮನೆಯಲ್ಲಿ ಯಾವ ಸಾಧನವೂ ಇಲ್ಲ. ಆದ್ದರಿಂದ ಮಳೆಯಲ್ಲೇ, ಸೂರಿನಡಿಯಲ್ಲಿ ಬಿತ್ತುವುದು ಸರಿ. ಜನವರಿ ಕೊನೆಯಿಂದ ಫೆಬ್ರವರಿಯವರೆಗೆ ಹೂ ಸಿಗುತ್ತದೆ.

ಕುಂಡ, ಮಣ್ಣು, ನೀರು

ತಾಯಿಬೇರಿನ ಕಾರಣದಿಂದ ಟ್ರೇಯಲ್ಲಿ ಸಸಿ ಮಾಡಿ ಕಿತ್ತು ನೆಡುವ ಪದ್ಧತಿ ಇಲ್ಲಿ ಬೇಡ. ಹೂಬಿಡುವ ಕುಂಡದಲ್ಲೇ ಬೀಜ ಬೀಳಬೇಕು. ಕುಂಡ ಕನಿಷ್ಠ 25ರಿಂದ 30 ಸೆಂ.ಮೀ. ಆಳವಿರಲಿ. ಕಪ್ಪು ಪ್ಲಾಸ್ಟಿಕ್ ಚೀಲಕ್ಕಿಂತ ಮಣ್ಣಿನ ಕುಂಡ ಮೇಲು: ಅದರ ಗೋಡೆಯಿಂದ ನೀರು ಆವಿಯಾಗುತ್ತ ಬೇರಿನ ಸುತ್ತ ಒಂದಿಷ್ಟು ತಂಪು ಉಳಿಯುತ್ತದೆ. ಕುಂಡವನ್ನು ತಾರಸಿಯ ಮೇಲೆ ನೇರವಾಗಿಡದೆ ಇಟ್ಟಿಗೆಗಳ ಮೇಲಿಟ್ಟರೆ ಕಾಂಕ್ರೀಟಿನ ಶಾಖವೂ ತಟ್ಟುವುದಿಲ್ಲ, ನೀರೂ ಸರಾಗ ಹರಿದುಹೋಗುತ್ತದೆ. ತೋಟದ ಮಣ್ಣು, ಒರಟು ಮರಳು, ಚೆನ್ನಾಗಿ ಕಳಿತ ಎರೆಗೊಬ್ಬರ ಸಮಪಾಲಿನ ಮಿಶ್ರಣ ಸಾಕು. ಬರೀ ಕೋಕೋಪೀಟ್ ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಬುಡ ಕೊಳೆಸುತ್ತದೆ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ದಂಟು ಮೆದುವಾಗುತ್ತದೆ. ದಂಟೇಳುವಾಗ ಒಮ್ಮೆ ಪೊಟ್ಯಾಷ್ ಹೆಚ್ಚಿರುವ ದ್ರವಗೊಬ್ಬರ ಕೊಟ್ಟರೆ ಸಾಕಾಗುತ್ತದೆ. ಸಸಿಗಳ ನಡುವೆ 15 ಸೆಂ.ಮೀ. ಅಂತರವಿರಲಿ. ಹೆಚ್ಚಾದವನ್ನು ಕೀಳದೆ ಬುಡದಲ್ಲಿ ಕತ್ತರಿಸಬೇಕು, ಕಿತ್ತರೆ ಉಳಿದವುಗಳ ಬೇರು ಅಲುಗುತ್ತದೆ.

ಮಣ್ಣು ತಟಸ್ಥ ಅಥವಾ ತುಸು ಕ್ಷಾರವಾಗಿದ್ದರೆ ಗಿಡಕ್ಕೆ ಹಿತ. ಈ ವಿಷಯದಲ್ಲಿ ಚೆನ್ನೈಯ ನೀರು ಅಡ್ಡಿಯಲ್ಲ, ಅಡ್ಡಿ ಉಪ್ಪಿನದು. ಕರಾವಳಿಯ ಬಡಾವಣೆಗಳ ಬೋರ್‌ವೆಲ್ ನೀರು ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಎಲೆತುದಿ ಸುಡುತ್ತದೆ. ತಮಿಳುನಾಡು ಸರ್ಕಾರ 2003ರಲ್ಲಿ ಕಟ್ಟಡಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದ್ದರಿಂದ, ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು ಬಹಳ ಮನೆಗಳಲ್ಲಿ ಸಾಧ್ಯ. ಡಿಸೆಂಬರ್‌ನ ಆ ನೀರನ್ನು ಲಾರ್ಕ್‌ಸ್ಪರ್‌ಗೆಂದೇ ಮೀಸಲಿಡುವುದು ಸಾರ್ಥಕ. ಬೆಳಗ್ಗೆ, ಬುಡಕ್ಕೆ, ಮೇಲ್ಮಣ್ಣು ಒಣಗಿದ ಮೇಲೆ ನೀರು ಹಾಕಬೇಕು. ಡಿಸೆಂಬರ್ ಚಂಡಮಾರುತದ ತಿಂಗಳೂ ಹೌದು: 2016ರ ವರ್ಧಾ, 2023ರ ಮಿಚಾಂಗ್ ಎರಡೂ ಆ ತಿಂಗಳಲ್ಲೇ ಬಂದವು. ಹವಾಮಾನ ಇಲಾಖೆಯ ಎಚ್ಚರಿಕೆ ಬಂದಾಗ ಕುಂಡಗಳನ್ನು ಒಳಗೆ ತರುವುದೊಂದೇ ದಾರಿ. ಡಿಸೆಂಬರ್ ನಡುವಿನ ನಂತರ ಸಜ್ಜಾದಡಿಯಿಂದ ತೆಗೆದು ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ ಇಡಬೇಕು. ಫೆಬ್ರವರಿ ಕೊನೆಯಲ್ಲಿ ಮಾತ್ರ ಮಧ್ಯಾಹ್ನದ ನೆರಳು ಉಪಯುಕ್ತ.

ರೋಗ ಮತ್ತು ಕೀಟ

ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಬುಡಕೊಳೆ ಮುಖ್ಯ ಶತ್ರು. ಸ್ಕ್ಲೀರೋಷಿಯಂ ಶಿಲೀಂಧ್ರ ತಗುಲಿದಾಗ ಬುಡದ ಸುತ್ತ ಬಿಳಿ ನೂಲು, ಸಾಸಿವೆಯಂಥ ಕಂದು ಗುಂಡುಗಳು ಕಾಣುತ್ತವೆ. ಆ ಗಿಡವನ್ನು ಮಣ್ಣುಸಮೇತ ತೆಗೆದುಹಾಕಬೇಕು. ನೆಡುವ ಮೊದಲು ಮಣ್ಣಿಗೆ ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸುವುದು ಮುಂಜಾಗ್ರತೆ. ಒಣಹವೆ ಬಂದ ಮೇಲೆ ಬೂದಿರೋಗ, ಸಸ್ಯಹೇನು, ಥ್ರಿಪ್ಸ್, ನುಸಿ ಕಾಣಿಸಿಕೊಳ್ಳುತ್ತವೆ. ಮಳೆಯಲ್ಲಿ ಆಫ್ರಿಕದ ದೊಡ್ಡ ಬಸವನಹುಳು ಒಂದೇ ರಾತ್ರಿಯಲ್ಲಿ ಸಸಿಗಳನ್ನು ಮುಗಿಸಬಲ್ಲದು. ಕತ್ತಲಾದ ಮೇಲೆ ಕೈಗವಸು ಹಾಕಿ ಆರಿಸುವುದೇ ಖಚಿತ ಉಪಾಯ.

ವಿಷಗುಣ

ಗಿಡದ ಎಲ್ಲ ಭಾಗಗಳೂ ವಿಷ. ಬೀಜ ಮತ್ತು ಎಳೆಗಿಡ ಹೆಚ್ಚು ಅಪಾಯಕರ. ಇದರಲ್ಲಿರುವ ಡೈಟರ್ಪೀನ್ ಆಲ್ಕಲಾಯ್ಡುಗಳು, ವಿಶೇಷವಾಗಿ ಮಿಥೈಲ್‌ಲೈಕಾಕೊನಿಟಿನ್, ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ತಡೆಯುತ್ತವೆ. ಸ್ನಾಯುಗಳು ಬಲಗುಂದಿ ಉಸಿರಾಟ ನಿಲ್ಲಬಹುದು. ಉತ್ತರ ಅಮೆರಿಕದ ಪಶ್ಚಿಮ ಭಾಗದ ಹುಲ್ಲುಗಾವಲುಗಳಲ್ಲಿ ಕಾಡು ಡೆಲ್ಫಿನಿಯಂ ತಿಂದು ದನಗಳು ಸಾಯುವುದು ದೊಡ್ಡ ನಷ್ಟದ ಬಾಬತ್ತು. ಚೆನ್ನೈಯ ಬೀದಿಗಳಲ್ಲೂ ದನಗಳು ಓಡಾಡುತ್ತವೆ, ಕತ್ತರಿಸಿದ ಗಿಡವನ್ನು ಬೀದಿಯ ಕಸದ ಮೇಲೆ ಎಸೆಯುವುದು ತೀರ ಅಪಾಯ. ಮುಚ್ಚಿದ ಚೀಲದಲ್ಲಿ ಹಾಕಿ ಕಸ ಒಯ್ಯುವವರಿಗೆ ಕೊಡಬೇಕು. ಫ್ರಿಜ್‌ನಲ್ಲಿಡುವ ಬೀಜದ ಕವರಿನ ಮೇಲೆ ವಿಷವೆಂದು ಬರೆದಿಡುವುದು ಅಗತ್ಯ: ಕಪ್ಪು ಬೀಜ ಅಡುಗೆಯ ಕಾಳೆಂದು ತಪ್ಪಾಗಿ ಕೈಸೇರಬಹುದು. ಯಾರಾದರೂ ತಿಂದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಉಪಯೋಗಗಳು

ಲಾರ್ಕ್‌ಸ್ಪರ್ ಮುಖ್ಯವಾಗಿ ಅಲಂಕಾರದ ಹೂ. ದಂಟಿನ ಕೆಳಗಿನ ಮೂರನೇ ಒಂದು ಭಾಗ ಅರಳಿದಾಗ ಬೆಳಗ್ಗೆ ಕತ್ತರಿಸಿ ನೀರಲ್ಲಿಡಬೇಕು. ಈ ಹೂ ಎಥಿಲೀನ್ ಅನಿಲವನ್ನು ತಾಳದು. ಅದನ್ನು ಹೊರಸೂಸುವ, ಹಣ್ಣಾಗುತ್ತಿರುವ ಬಾಳೆಗೊನೆಯ ಹತ್ತಿರ ಹೂದಾನಿ ಇಟ್ಟರೆ ಹೂಗಳು ಬೇಗನೆ ಉದುರುತ್ತವೆ. ಪೂರ್ತಿ ಅರಳಿದ ದಂಟುಗಳನ್ನು ಕತ್ತಲ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ನೀಲಿ ಬಣ್ಣ ಮಾಸದೆ ಒಣಗುತ್ತದೆ. ಇದೇ ಗುಂಪಿನ, ಅಫ್ಘಾನಿಸ್ತಾನ–ಇರಾನ್ ಕಡೆಯ ಡೆಲ್ಫಿನಿಯಂ ಝಲಿಲ್‌ನ ಹಳದಿ ಹೂವನ್ನು ಹಿಂದೆ ರೇಷ್ಮೆಗೆ ಬಣ್ಣ ಹಾಕಲು ಪಂಜಾಬಿಗೆ ತರಿಸುತ್ತಿದ್ದರು. ಹೇನು ಕೊಲ್ಲಲು ಬೀಜದ ಕಷಾಯ ಬಳಸುವ ಪದ್ಧತಿ ಯೂರೋಪಿನಲ್ಲಿತ್ತು. ವಿಷದ ಕಾರಣ ಈಗ ಅದು ತ್ಯಾಜ್ಯ.

ಇಂದಿನ ಸ್ಥಿತಿ

ಚೆನ್ನೈಗೆ ತೋಟಗಾರಿಕೆಯ ಹಳೆಯ ಪರಂಪರೆಯಿದೆ. ಮದ್ರಾಸಿನ ಅಗ್ರಿ–ಹಾರ್ಟಿಕಲ್ಚರಲ್ ಸೊಸೈಟಿ 1835ರಲ್ಲಿ ಸ್ಥಾಪನೆಯಾಯಿತು.  ಕೆಥೀಡ್ರಲ್ ರಸ್ತೆಯಲ್ಲಿ ಅದರ ವಶದಲ್ಲಿದ್ದ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನ ತೆರೆಯಿತು. ಈಚಿನ ವರ್ಷಗಳಲ್ಲಿ ಅಲ್ಲಿ ಜನವರಿ–ಫೆಬ್ರವರಿಯಲ್ಲಿ ಪುಷ್ಪಪ್ರದರ್ಶನ ನಡೆಯುತ್ತಿದೆ. ಸರ್ಕಾರದ ತೋಟಗಾರಿಕೆ ಇಲಾಖೆ 2013–14ರಲ್ಲಿ ಚೆನ್ನೈ ಮತ್ತು ಕೊಯಮತ್ತೂರಿನಲ್ಲಿ ಆರಂಭಿಸಿದ ಮಹಡಿತೋಟದ ಕಿಟ್ ಯೋಜನೆ ತರಕಾರಿಗೆಂದು ರೂಪಿಸಿದ್ದು. ಆದರೂ ಅದರಿಂದ ಕುಂಡ, ಮಾಧ್ಯಮ, ಗೊಬ್ಬರಗಳ ಬಳಕೆ ಸಾಮಾನ್ಯ ಮನೆಗಳಿಗೆ ಪರಿಚಯವಾಯಿತು.

ಇಷ್ಟೆಲ್ಲ ಶ್ರಮದ ಬದಲು ಚೆನ್ನೈಯ ಬಿಸಿಗೆ ಒಗ್ಗುವ ಏಂಜೆಲೋನಿಯವನ್ನೋ ನೀಲಿ ಸಾಲ್ವಿಯವನ್ನೋ ಬೆಳೆಯಬಾರದೆ ಎಂಬುದು ತೋಟಗಾರಿಕೆ ಬಲ್ಲವರು ಎತ್ತುವ ಗಟ್ಟಿ ಆಕ್ಷೇಪ. ವರ್ಷವಿಡೀ ನೀಲಿ ಹೂದಂಟು ಬೇಕೆನ್ನುವವರಿಗೆ ಅದೇ ಸರಿಯಾದ ಸಲಹೆ. ಆದರೆ ಲಾರ್ಕ್‌ಸ್ಪರ್‌ನ ಸೀಳೆಲೆ, ಕೊಂಬಿನ ಹೂ, ಒಣಗಿದ ಮೇಲೂ ಉಳಿಯುವ ನೀಲಿ ಅವುಗಳಲ್ಲಿಲ್ಲ. ಬೇಕಾಗುವ ಹೆಚ್ಚುವರಿ ಸಾಮಗ್ರಿಯೂ ಒಂದು ಒದ್ದೆ ಬಟ್ಟೆ ಮತ್ತು ಫ್ರಿಜ್‌ನ ಒಂದು ಮೂಲೆಯಷ್ಟೆ. ಹೂ ಮುಗಿದ ಮೇಲೆ ಕಾಯಿ ಕಂದಾಗಿ ಬಾಯಿಬಿಡುವ ಮುನ್ನ, ಮಾರ್ಚ್‌ನಲ್ಲಿ, ಬೀಜ ಬಿಡಿಸಿ ನೆರಳಲ್ಲಿ ಒಣಗಿಸಬೇಕು. ಕೋಣೆಯ ಶಾಖದಲ್ಲಿ ಚೆನ್ನೈಯ ಬೇಸಗೆ ಕಳೆದರೆ ಬೀಜದ ಜೀವಶಕ್ತಿ ಬಹಳ ಕುಂದುತ್ತದೆ. ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೆಸರು ಮತ್ತು ವರ್ಷ ಬರೆದು, ಅಕ್ಟೋಬರ್‌ವರೆಗೆ ಫ್ರಿಜ್‌ನಲ್ಲೇ ಇಡಬೇಕು.